ಖಾಲಿ ಹಾಲಿನ ಕ್ಯಾನು

ನನ್ನ ಅವ್ವನಿಗೆ,

ನಿನಗೆ ಸಕ್ಕರೆ ಕಾಯಿಲೆ, ದಿನಾ ಅರ್ಧ ಗಂಟೆ ನಡೆಯಲೇಬೇಕು ಎಂದು ನರಸೀಪುರದ ಡಾಕ್ಟರು ಹೇಳಿದ ದಿನ ನೀನು ನಕ್ಕುಬಿಟ್ಟಿದ್ದೆ. "ಸಗಣಿ ಬಾಚಿ, ಮೂರೊತ್ತೂ ಒಲೆ ಮುಂದೆ ನಿಂತೋಳ್ಗೆ ಇನ್ನೇನು ನಡ್ಯೋದು ಸಾ?" ಆದರೂ ಮಾರನೆಯ ಬೆಳಿಗ್ಗೆ ಹೊರಟೆ, ಕೈಯಲ್ಲೊಂದು ಖಾಲಿ ಹಾಲಿನ ಕ್ಯಾನು ಹಿಡಿದು! ಯಾಕವ್ವ ಅಂದರೆ, "ಸುಮ್ನೆ ಕೈ ಬೀಸ್ಕಂಡು ಒಂಟ್ರೆ ಬೀದಿಯೋರು ಆಡ್ಕತಾರೆ ಕಣಮ್ಮಿ. ಕ್ಯಾನಿದ್ರೆ ಡೈರಿಗೆ ಅಂದ್ಕತಾರೆ" ಅಂದೆ.

"ನೀನೂ ಜೊತೆಗೆ ಬಾರಮ್ಮಿ" ಎಂದು ಫೋನಿನಲ್ಲಿ ಎಷ್ಟು ಸಲ ಕರೆದೆ! "ಈ ಭಾನುವಾರ ಬತ್ತೀನಿ ಕಣವ್ವ" ಅನ್ನುತ್ತಿದ್ದೆ ನಾನು. ನನಗೋ ತಾಂಡ್ಯದ ಫ್ಯಾಕ್ಟರಿ ಕೆಲಸ, ಎರಡು ಮಕ್ಕಳು, ಭಾನುವಾರವೆಂದರೆ ಬಟ್ಟೆಯ ರಾಶಿ. ಒಬ್ಬಳೇ ನಡೆದು ಬೇಸತ್ತು ನೀನು ಕ್ಯಾನನ್ನು ಮೂಲೆಗಿಟ್ಟೆ. ಆಮೇಲೆ ಕಾಲಿನ ಗಾಯ, ಆಮೇಲೆ ನೀನೇ ಇಲ್ಲ. ಆ ಭಾನುವಾರ ಬರಲೇ ಇಲ್ಲವಲ್ಲ ಅವ್ವ.

ಹೋದ ವರ್ಷ ಫ್ಯಾಕ್ಟರಿಯಲ್ಲಿ ಎಲ್ಲರ ರಕ್ತ ಪರೀಕ್ಷೆ ಮಾಡಿಸಿದರು. ನನಗೂ ಸಕ್ಕರೆ ಅಂಚಿಗೆ ಬಂದಿದೆಯಂತೆ. ಈಗಿನಿಂದಲೇ ನಡೆದರೆ ತಡೆಯಬಹುದಂತೆ. ಆ ಚೀಟಿ ಹಿಡಿದು ಬಸ್ಸಿನಲ್ಲಿ ಕೂತಾಗ ಬ್ಯಾಂಡೇಜು ಸುತ್ತಿದ ನಿನ್ನ ಕಾಲೇ ಕಣ್ಣ ಮುಂದೆ. ಇಲ್ಲ, ಏನೇ ಆಗಲಿ, ನನ್ನ ಮಕ್ಕಳಿಗೆ ಅದನ್ನು ತೋರಿಸುವವಳಲ್ಲ ನಾನು ಎಂದುಕೊಂಡೆ. ಆದರೆ ನಡೆಯಲು ಹೊತ್ತೆಲ್ಲಿತ್ತು ಹೇಳು? ಏಳೂಕಾಲಿಗೆ ಕಂಪನಿ ಬಸ್ಸು. ಅಷ್ಟರೊಳಗೆ ಮೂರು ಡಬ್ಬಿ, ಮಗಳ ಜಡೆ, ಮಗನ ಕಾಣದ ಸಾಕ್ಸು. "ವಾಕಿಂಗ್ ಹೋಗ್ತೀನಿ, ಒಲೆ ನೋಡ್ಕೊಳ್ಳಿ" ಎಂದು ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ಏನು ಮಾಡಿದೆ ಗೊತ್ತಾ? ನಂಜುಂಡೇಶ್ವರನಿಗೆ ನಲವತ್ತೆಂಟು ದಿನ ಪ್ರದಕ್ಷಿಣೆಯ ಹರಕೆ ಹೊತ್ತಿದ್ದೇನೆ ಅಂದುಬಿಟ್ಟೆ! ನಿನ್ನ ಮಗಳೇ ತಾನೆ?

ಅತ್ತೆ ಅಲ್ಲೇ ಕೈಮುಗಿದು, "ಓಗವ್ವ, ಒಲೆ ನಾ ನೋಡ್ಕತೀನಿ" ಅಂದರು. ನಲವತ್ತೆಂಟು ದಿನವೂ ದೇವಸ್ಥಾನದ ಸುತ್ತ ಬಿರಬಿರನೆ ನಡೆದೆ. ಮೈ ಹಗುರವಾಯಿತು, ಮಕ್ಕಳ ಮೇಲೆ ಸಿಡುಕುವುದೂ ಕಡಿಮೆಯಾಯಿತು. ಅತ್ತೆ ಕಟ್ಟಿಕೊಟ್ಟ ಡಬ್ಬಿ ತೆರೆಯುವಾಗ ಮಾತ್ರ ನಾಚಿಕೆ.

ನಲವತ್ತೊಂಬತ್ತನೆಯ ಬೆಳಿಗ್ಗೆ ಎದ್ದವಳು ಅಡುಗೆಮನೆ ಬಾಗಿಲಲ್ಲೇ ನಿಂತೆ. ಇನ್ನೊಂದು ಹರಕೆ ಕಟ್ಟಲೇ? ಇಲ್ಲಾ ನಿನ್ನ ಹಾಗೆ ಬಿಟ್ಟುಬಿಡಲೇ? ಕೊನೆಗೆ ಒಳಗೆ ಕಾಲಿಟ್ಟೆ. "ಅತ್ತೆ, ಹರಕೆ ಸುಳ್ಳು. ನಮ್ಮವ್ವನ ಕಾಯಿಲೆ ನಂಗೆ ಬರಬಾರ್ದು ಅಂತ ನಡೀತಿದ್ದೆ. ಇನ್ಮೇಲೂ ದಿನಾ ನಡೀಬೇಕು" ಅಂದೆ.

ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಲೇ ಇಲ್ಲ. "ಗೊತ್ತು ಕಣಮ್ಮಿ. ಅರಕೆ ಒತ್ತೋಳು ಒಂದಿನಾನಾರೂ ಒಂಚೂರು ಕುಂಕುಮ ತರ್ದೆ ಬತ್ತಾಳಾ?"

"ಮತ್ತೆ ಯಾಕೆ ಸುಮ್ನಿದ್ರಿ?"

"ಮೊದ್ಲೇ ಕೇಳಿದ್ರೆ ಬ್ಯಾಡ ಅಂತಿದ್ನೋ ಏನೋ. ಈಗ ನಂಗೂ ರೂಢಿ ಆಗೋಗದೆ. ದೇವ್ರ ಎಸ್ರೇಳಿ ಸುಳ್ಳಾಡಿದ್ದಕ್ಕೆ ಒಂದು ತಪ್ಪುಕಾಣಿಕೆ ಆಕ್ಬುಟ್ಟು, ನಡಿ."

ಅಷ್ಟೇ ಅವ್ವ. ಬಾಯಿಬಿಟ್ಟು ಕೇಳುವುದು ಇಷ್ಟೇ ಇತ್ತು. ನೀನು ಬಾಯಿಬಿಟ್ಟು ಕೇಳಿದ್ದೆ, ನಾನೇ ಬರಲಿಲ್ಲ.

ಮೊನ್ನೆ ಮತ್ತೆ ಪರೀಕ್ಷೆಗೆ ರಕ್ತ ಕೊಟ್ಟೆ. ಸಕ್ಕರೆ ಇಳಿದಿದೆ. ಈ ಭಾನುವಾರ ಮಗಳನ್ನೂ ಕರೆದುಕೊಂಡು ನರಸೀಪುರಕ್ಕೆ ಬರುತ್ತಿದ್ದೇನೆ. ನಿನ್ನ ಮನೆಯಿಂದ ಡೈರಿಯವರೆಗೆ, ಅಲ್ಲಿಂದ ವಾಪಸ್ಸು. ಬಟ್ಟೆಯ ರಾಶಿ ಹಾಗೇ ಬಿದ್ದಿರಲಿ. ನಿನ್ನ ಕ್ಯಾನು ಇನ್ನೂ ಅಟ್ಟದ ಮೇಲಿದೆ, ಬೇಕಾ ಎಂದು ತಮ್ಮ ಕೇಳಿದ. ಬೇಡ ಅಂದೆ. ಬೀದಿಯವರೆಲ್ಲ ನೋಡಲಿ, ಕೈ ಬೀಸಿಕೊಂಡೇ ನಡೆಯುತ್ತೇವೆ.

ನಿನ್ನ
ಭಾಗ್ಯ