ಮಾರ್ಚ್ ಪುಟದಿಂದ ನಾನು ತೆಗೆದ ಎರಡು ಸಾಲು

ಮಾನ್ಯ ವಸತಿ ಅಧಿಕಾರಿಗಳೇ,

ಈ ತಿಂಗಳ ಕೊನೆಯೊಳಗೆ ಗಿರಣಿ ವಸತಿಯ ಏಳನೇ ನಂಬರಿನ ಮನೆ ಖಾಲಿ ಮಾಡುವಂತೆ ನನ್ನ ಅತ್ತಿಗೆಗೆ ತಾವು ಆದೇಶ ಕಳಿಸಿದ್ದೀರಿ. ಕಾರಣವನ್ನೂ ದಯಪಾಲಿಸಿದ್ದೀರಿ. ನೂಲಿನ ಗಿರಣಿಯ ಬಾಯ್ಲರ್ ಸಿಡಿದು ಹತ್ತೊಂಬತ್ತು ಜನ ಸತ್ತರೆಂಬ "ಸದರಿ ಘಟನೆಯು" ಆ ವರ್ಷದ ಸರ್ಕಾರಿ ವಾರ್ಷಿಕ ಗ್ರಂಥದಲ್ಲಿ ನಮೂದಾಗಿಲ್ಲವಂತೆ. ಆದ್ದರಿಂದ ಆಕೆಯನ್ನು ದುರಂತದಲ್ಲಿ ಮಡಿದ ಕಾರ್ಮಿಕನ ಹೆಂಡತಿ ಎಂದು ಒಪ್ಪಲಾಗದಂತೆ. ಮೂವತ್ತೆಂಟು ವರ್ಷದ ಹಿಂದೆ ಸತ್ತ ನನ್ನ ಅಣ್ಣ, ಸಾಯುವ ಮುಂಚೆ ತಮ್ಮ ಅಪ್ಪಣೆ ಪಡೆಯಬೇಕಿತ್ತೇನೋ!

ಗಿರಣಿ ಮುಚ್ಚಿದಾಗ ಅದರ ಕಡತಗಳೆಲ್ಲ ಗುಜರಿ ಸೇರಿದವು. ಸತ್ತವರ ಮನೆಯವರಿಗೆ ಅವರಿದ್ದ ಮನೆಗಳನ್ನೇ ಬಿಟ್ಟುಕೊಟ್ಟದ್ದು ಬಾಯಿಮಾತಿನಲ್ಲಿ. ತಮ್ಮ ಕಪಾಟಿನಲ್ಲಿ ಉಳಿದಿರುವ ಪುರಾವೆ ಆ ಗ್ರಂಥವೊಂದೇ, ಮತ್ತು ತಾವು ಅದನ್ನು ಸರಿಯಾಗಿಯೇ ಓದಿದ್ದೀರಿ. ಅದರ ಮಾರ್ಚ್ ಪುಟದಲ್ಲಿ ಮೃಗಾಲಯದ ನೀರುಗುದುರೆ ಮರಿ ಹಾಕಿದೆ. ಮೇಲ್ಸೇತುವೆಗೆ ಶಂಕುಸ್ಥಾಪನೆಯಾಗಿದೆ. ಆ ಕಲ್ಲು ಇವತ್ತಿಗೂ ಒಂಟಿಯಾಗಿ ನಿಂತಿದೆ, ಸೇತುವೆ ಬರಲೇ ಇಲ್ಲ. ಬಾಯ್ಲರ್ ಮಾತ್ರ ಸಿಡಿದಿಲ್ಲ. ಹಾಗಾದರೆ ಯಾರು ಸುಳ್ಳು ಹೇಳುತ್ತಿದ್ದಾರೆ, ನನ್ನ ಅತ್ತಿಗೆಯೋ ಗ್ರಂಥವೋ? ಗ್ರಂಥವೇ, ಸ್ವಾಮಿ. ಅದನ್ನು ಸಂಕಲಿಸಿದವನು ನಾನು.

ತಿಂಗಳಿಗೊಂದು ಪುಟ, ಪುಟಕ್ಕೆ ಮೂವತ್ತು ಸಾಲು. ಒಂದು ಸಾಲು ಹೆಚ್ಚು ಹಿಡಿಸುತ್ತಿರಲಿಲ್ಲ. ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲ ಅದು. "ತಾ. ೧೪: ನೂಲಿನ ಗಿರಣಿಯಲ್ಲಿ ಬಾಯ್ಲರ್ ಸಿಡಿದು ಹತ್ತೊಂಬತ್ತು ಕಾರ್ಮಿಕರ ಸಾವು" ಎಂದು ನನ್ನ ಕೈಯಿಂದಲೇ ಬರೆದುಕೊಟ್ಟಿದ್ದೆ. ಅಣ್ಣ ಹೋಗಿ ಆಗ ಒಂಬತ್ತು ತಿಂಗಳು. ಪುಟ ಜೋಡಣೆ ಮುಗಿದ ಮೇಲೆ ಮೇಲಧಿಕಾರಿ ಮುದ್ರಣಾಲಯಕ್ಕೆ ಬಂದರು.

"ಶಂಕುಸ್ಥಾಪನೆ ಬಿಟ್ಟುಹೋಗಿದೆ. ಮಾರ್ಚಲ್ಲಿ ಎರಡು ಸಾಲು ಜಾಗ ಮಾಡಿ."

"ಯಾವುದನ್ನ ತೆಗೀಲಿ ಸರ್?"

"ಅದು ನಿಮಗೆ ಬಿಟ್ಟಿದ್ದು," ಎಂದು ಹೊರಟೇ ಹೋದರು.

ನೋಡಿ, ಗಿರಣಿಯನ್ನು ತೆಗೆಯಿರಿ ಎಂದು ಅವರು ಹೇಳಲೇ ಇಲ್ಲ. ಇಷ್ಟು ವರ್ಷ ನಾನು ತಪ್ಪನ್ನು ಅವರ ಹೆಸರಿಗೆ ಹಾಕಿ ನೆಮ್ಮದಿಯಾಗಿದ್ದೆ, ಅಷ್ಟೆ. ಮೊಳೆ ಜೋಡಿಸುವ ಮುದುಕ ದಾರಿಯನ್ನೂ ತೋರಿಸಿದ. "ನೀರುಗುದುರೆ ತೆಗೀರಿ ಸರ್. ಅದೇನು ಬಂದು ಕೇಳುತ್ತಾ?"

ಆದರೆ ಆ ಮರಿಗೆ ಹೆಸರಿಟ್ಟವರು ದೊಡ್ಡವರೊಬ್ಬರ ಪತ್ನಿ. ನನ್ನ ಕೆಲಸ ಕಾಯಂ ಆಗಲು ಇನ್ನೂ ಎರಡು ತಿಂಗಳು ಬಾಕಿ ಇತ್ತು. ಜೊತೆಗೆ ಇನ್ನೊಂದು ಅಳುಕು: ಗಿರಣಿ ಉಳಿಸಿದರೆ, ಸ್ವಂತ ಅಣ್ಣನೆಂದು ಉಳಿಸಿಕೊಂಡ ಎಂದು ಕಚೇರಿಯಲ್ಲಿ ಆಡಿಕೊಂಡಾರು! ಹೆದರಿಕೆಗೆ ನಿಷ್ಪಕ್ಷಪಾತ ಎಂಬ ಹೆಸರಿಟ್ಟು ಗಿರಣಿಯ ಎರಡು ಸಾಲಿನ ಮೇಲೆ ಬೆರಳಿಟ್ಟೆ. ಮುದುಕ ಚಿಮಟ ಹಿಡಿದುಕೊಂಡೇ ನನ್ನ ಮುಖ ನೋಡಿದ.

"ನಿಮ್ಮಣ್ಣನೂ ಅಲ್ಲೇ ಅಲ್ವಾ ಸರ್?"

"ಅದಕ್ಕೇ," ಎಂದೆ.

ಅಮ್ಮ ತೀರಿಕೊಂಡಾಗ ನನಗೆ ಎಂಟು ವರ್ಷ. ಅಂದಿನಿಂದ ನನ್ನನ್ನು ಸಾಕಿದವರು ಈ ಅತ್ತಿಗೆ. ದಿನಾ ಬೆಳಿಗ್ಗೆ ಎರಡು ಡಬ್ಬಿ ಕಟ್ಟುತ್ತಿದ್ದರು, ಅಣ್ಣನಿಗೊಂದು, ನನಗೊಂದು. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ನಾನು ಬಗೆದೆ. ಬಗೆದದ್ದಕ್ಕೆ ಬಡ್ತಿಯನ್ನೂ ಪಡೆದೆ. ಕಳೆದ ವಾರ ಅವರು ತಾವು ಕಳಿಸಿದ ಆದೇಶ ಹಿಡಿದುಕೊಂಡು ನನ್ನ ಮನೆಗೆ ಬಂದಿದ್ದರು.

"ನಿಮ್ಮಣ್ಣ ಸತ್ತಿದ್ದು ಪುಸ್ತಕದಲ್ಲಿ ಇಲ್ವಂತೆ ಕಣಪ್ಪಾ. ಎಂಥಾ ದಡ್ಡರು ನೋಡು! ಆ ಪುಸ್ತಕ ಮಾಡಿದ್ದು ನೀನೇ ಅಲ್ವಾ? ನೀನೊಂದು ಮಾತು ಹೇಳಿದ್ರೆ ಆಯ್ತು."

"ವಿಚಾರಿಸ್ತೀನಿ ಅತ್ತಿಗೆ," ಎಂದೆ. ವಿಚಾರಿಸುವುದಕ್ಕೆ ಏನಿತ್ತು? ಯಾವ ಕಚೇರಿಗೆ ಹೋಗಿ ಯಾರನ್ನು ಕೇಳಲಿ? ಅವರು ನಿಶ್ಚಿಂತೆಯಿಂದ ನೀರು ಕುಡಿದು ಹೋದರು. ನನಗೆ ನಾಚಿಕೆಯಿಂದ ಅವರನ್ನು ಬೀದಿಯ ತುದಿಯವರೆಗೆ ಕಳಿಸಿಬರಲೂ ಆಗಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಆದೇಶವನ್ನು ಹಿಂಪಡೆಯಿರಿ. ಈ ತಪ್ಪೊಪ್ಪಿಗೆಯನ್ನು ಪುರಾವೆಯೆಂದು ಕಡತಕ್ಕೆ ಸೇರಿಸಿ. ಎಲ್ಲೆಲ್ಲಿ ಆ ಗ್ರಂಥದ ಪ್ರತಿ ಇದೆಯೋ ಅಲ್ಲೆಲ್ಲ ಹತ್ತೊಂಬತ್ತು ಹೆಸರಿನ ತಿದ್ದುಪಡಿ ಚೀಟಿ ಅಂಟಿಸಲು ಸಂಬಂಧಪಟ್ಟವರಿಗೆ ಬರೆಯಿರಿ. ಅದರಲ್ಲಿ "ಕಣ್ತಪ್ಪಿನಿಂದ ಬಿಟ್ಟುಹೋಗಿದೆ" ಎಂದು ಮಾತ್ರ ಹಾಕಿಸಬೇಡಿ. ಕಣ್ಣು ತಪ್ಪಲಿಲ್ಲ, ಕೈಯಾರೆ ತೆಗೆದದ್ದು. ಯಾರು ತೆಗೆದರು ಎಂಬುದನ್ನೂ ಅಚ್ಚು ಹಾಕಿಸಿ.

ಅತ್ತಿಗೆಗೆ ಓದು ಬರುವುದಿಲ್ಲ. ಪ್ರತಿ ಭಾನುವಾರ ಅವರ ಮನೆಗೆ ಹೋಗಿ ಪತ್ರಿಕೆ ಓದಿ ಹೇಳುವವನು ನಾನೇ. ಈ ಪತ್ರದ ಪ್ರತಿಯನ್ನು ಆ ಪತ್ರಿಕೆಗೂ ಕಳಿಸಿದ್ದೇನೆ, ಅದು ಅಚ್ಚಾಗುವುದೂ ಭಾನುವಾರವೇ. ಎದುರು ನಿಂತು ಹೇಳುವ ಧೈರ್ಯ ಇರಲಿಲ್ಲ, ಅದಕ್ಕೇ ತಮಗೆ ಬರೆದೆ. ಇನ್ನು ಓದದೆ ವಿಧಿಯಿಲ್ಲ. ಕೇಳಿದ ಮೇಲೆ ಅವರು ನನ್ನನ್ನು ಆಚೆಗೆ ಕಳಿಸಿ ಬಾಗಿಲು ಹಾಕಿಕೊಂಡರೆ ಅದು ನ್ಯಾಯವೇ. ಹಾಕಿಕೊಳ್ಳಲು ಅವರಿಗೊಂದು ಬಾಗಿಲಾದರೂ ಇರಲಿ, ಮಾನ್ಯರೇ.

ಇಂತಿ,
ಏಳನೇ ನಂಬರಿನ ಮನೆಯ ಅನ್ನ ತಿಂದು ಬೆಳೆದ ಮೈದುನ,
ಆ ವರ್ಷದ ಗ್ರಂಥದ ನಿಷ್ಪಕ್ಷಪಾತಿ ಸಂಕಲನಕಾರ