ರಿಪೇರಿಗೆ ಬಂದ ಬಿಳಿ ಕೋಟು

ಅಂಗಡಿಯಿಂದ,
ಮಂಗಳವಾರ ಬೆಳಿಗ್ಗೆ, ಹನ್ನೆರಡನೇ ತಾರೀಕು

ಪ್ರೀತಿಯ ಪುಟ್ಟಿ,

ಮಂಡಿ ನೋವು ಹೇಗಿದೆ? ಬಂದ ರೋಗಿಗಳಿಗೆಲ್ಲ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ ಎನ್ನುವ ನರ್ಸಮ್ಮ ತಾನು ಮಾತ್ರ ಕೊಟ್ಟುಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ದೊಡ್ಡಾಸ್ಪತ್ರೆಯಲ್ಲಿ ಕೂರಲು ಪುರುಸೊತ್ತಿಲ್ಲ, ಸರಿ, ಆದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಭಾವ ಚೆನ್ನಾಗಿದ್ದಾರೆ, ಅಂದರೆ ಎಂದಿನಂತೆ ಪೇಪರು ಹಿಡಿದುಕೊಂಡು ಕುರ್ಚಿಯಲ್ಲೇ ಸರ್ಕಾರ ನಡೆಸುತ್ತಿದ್ದಾರೆ. ನನಗೆ ಸೂಜಿಯ ಕಣ್ಣು ಕಾಣುವುದು ನಿಂತಿದೆ, ಬಂದ ಗಿರಾಕಿಗಳ ಕೈಯಲ್ಲೇ ದಾರ ಪೋಣಿಸಿಕೊಳ್ಳುತ್ತೇನೆ. ನೀನು ವರ್ಗವಾಗಿ ಹೋದ ಮೇಲೆ ನನ್ನ ಜೊತೆ ಜಗಳ ಆಡುವವರೇ ಇಲ್ಲದೆ ಬಾಯಿ ತುಕ್ಕು ಹಿಡಿದಿದೆ ಕಣೇ.

ಈಗ ಇಲ್ಲಿನ ಆಸ್ಪತ್ರೆಯಲ್ಲಿ ನೀನು ನೋಡಿಕೊಳ್ಳುತ್ತಿದ್ದ ಆ ಕೋಣೆಯ ಸುದ್ದಿ. ಹರೆಯದವರು ನಾಚಿಕೆ ಬಿಟ್ಟು ಬಂದು ಮಾತಾಡಲಿ ಎಂದು ಕೋಣೆ ತೆರೆದ ಮಹಾನುಭಾವರು ಅದರ ಬಾಗಿಲನ್ನು ಎಲ್ಲರೂ ಕಾಯುವ ಬೆಂಚಿನ ಎದುರಿಗೇ ಇಟ್ಟರಲ್ಲ, ಆ ಬುದ್ಧಿಗೆ ಏನು ಹೇಳಲಿ! ಬಾಗಿಲ ಮೇಲಿನ ಬೋರ್ಡಾದರೂ ತೆಗೆಸಿ ಎಂದು ನೀನು ಬೇಡಿಕೊಂಡೆ, ಅವರು ಬೋರ್ಡಿನ ಮೇಲೊಂದು ಟ್ಯೂಬ್‌ಲೈಟು ಹಾಕಿಸಿದರು. ಆಮೇಲೆ ನಾವಿಬ್ಬರು ಕಂಡುಕೊಂಡ ದಾರಿ ನೆನೆದರೆ ಈಗಲೂ ನಗು ಬರುತ್ತದೆ. ನನ್ನ ಅಂಗಡಿಯಲ್ಲಿ ಅಳತೆ ಕೊಡುವ ಪರದೆಯ ಹಿಂದೆ ಹುಡುಗಿಯರು ಬಾಯಿಬಿಡುತ್ತಿದ್ದರು. ನಾನು ನಿನ್ನ ಬಿಳಿ ಕೋಟನ್ನು ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟು, ನರ್ಸಮ್ಮನಿಗೆ ಮುಟ್ಟಿಸಿ ಬಾ ಎಂದು ಕಳಿಸುತ್ತಿದ್ದೆ. ಕೆಲಸದ ಮೇಲೆ ಹೋಗುವ ಹುಡುಗಿಯನ್ನು ಯಾರು ಕೇಳುತ್ತಾರೆ? ಹರಿಯದೇ ಇದ್ದ ಜೇಬಿಗೆ ಅಷ್ಟು ಸಲ ರಿಪೇರಿಯಾಯಿತು. ಇಷ್ಟು ಕೋಟು ಹರಿಯಲು ನಿನ್ನ ತಂಗಿ ಆಸ್ಪತ್ರೆಯಲ್ಲಿ ಕುಸ್ತಿ ಆಡ್ತಾಳಾ ಎಂದು ನಿನ್ನ ಭಾವನೇ ಒಮ್ಮೆ ಕೇಳಿದ್ದರು. ಗಂಡುಹುಡುಗರಿಗೆ ಈ ದಾರಿಯೂ ಇರಲಿಲ್ಲ ಪಾಪ, "ನನ್ನ ಫ್ರೆಂಡಿಗೆ" ಎಂದು ಶುರು ಮಾಡಿ ಪ್ಯಾಂಟಿನ ಅಳತೆ ಕೊಟ್ಟು ಹೋಗಿಬಿಡುತ್ತಿದ್ದರು.

ಬೇಕರಿಯಲ್ಲಿ ಬ್ರೆಡ್ಡು ಕಟ್ಟುವ ಹುಡುಗಿಯನ್ನು ನೀನು ನೋಡಿದ್ದೀಯ. ಆಸ್ಪತ್ರೆಯ ಎದುರೇ ಸೈಕಲ್ ಅಂಗಡಿ ಇಟ್ಟಿದ್ದಾರಲ್ಲ, ಅವರ ಮಗಳು. ಹತ್ತೊಂಬತ್ತು ತುಂಬಿದೆ, ನಕ್ಕರೆ ಅಂಗಡಿಯೆಲ್ಲ ನಗುತ್ತದೆ. ಕಳೆದ ತಿಂಗಳು ಪರದೆಯ ಹಿಂದೆ ಟೇಪು ಹಿಡಿದಾಗ ಕಿಬ್ಬೊಟ್ಟೆ ಮುಟ್ಟಿದ್ದೇ ತಡ ಮುಖ ಕಿವುಚಿದಳು. ಬಿಳಿ ಹೋಗುತ್ತದೆ, ವಾಸನೆ, ಉರಿ, ಸಂಜೆಗೆ ಜ್ವರ. ಅವನು ಯಾರೆಂದು ನಾನು ಕೇಳಲಿಲ್ಲ. ಹಿಟ್ಟಿನ ಲಾರಿಯ ಜೊತೆ ಬರುತ್ತಿದ್ದವನು ಈಗ ಬರುತ್ತಿಲ್ಲ ಎಂದಷ್ಟೇ ಅವಳು ಹೇಳಿದಳು. ಇದು ಮಾತ್ರೆಯಲ್ಲಿ ಹೋಗುವ ಕಾಯಿಲೆ, ಆದರೆ ತಡ ಮಾಡಬಾರದು ಎಂದು ನೀನು ಎಷ್ಟು ಜನಕ್ಕೆ ಹೇಳಿದ್ದು ನನ್ನ ಕಿವಿಯಲ್ಲಿದೆ. ಅಪ್ಪ ಎದುರಿಗೇ ಕೂತಿರ್ತಾರೆ, ನಾನು ಹೇಗಕ್ಕಾ ಒಳಗೆ ಹೋಗಲಿ ಎಂದಳು. ನೀನು ಬಿಟ್ಟು ಹೋದ ಹಳೆಯ ಕೋಟು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಎಂದಿನಂತೆ ಪೇಪರಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟೆ. ನಿನ್ನ ಜಾಗಕ್ಕೆ ಬಂದ ಹೊಸ ನರ್ಸಿಗೆ ಮೊದಲೇ ಒಂದು ಮಾತು ಹೇಳಬೇಕು ಎಂದು ನನ್ನ ಮಂಡೆಗೆ ಹೊಳೆಯಲಿಲ್ಲ ಪುಟ್ಟಿ. ಬಿಳಿ ಕೋಟು ಹಾಕಿದವರೆಲ್ಲ ನೀನೇ ಎಂದುಕೊಂಡೆ.

ಹೊಸ ನರ್ಸು ಕೆಟ್ಟವಳಲ್ಲ, ಚಿಕ್ಕ ವಯಸ್ಸು, ಕೆಲಸದಲ್ಲಿ ಕಟ್ಟುನಿಟ್ಟು. ಆಸ್ಪತ್ರೆಯ ಹೊದಿಕೆಗಳು ಬೇರೆ ಕಳುವಾಗುತ್ತಿದ್ದವಂತೆ. ಪೊಟ್ಟಣವನ್ನು ಬೆಂಚಿನವರೆಲ್ಲರ ಎದುರಿಗೇ ಬಿಚ್ಚಿ, ಕಾಲರಿನಲ್ಲಿದ್ದ ಆಸ್ಪತ್ರೆಯ ಮುದ್ರೆ ನೋಡಿ, "ನಾನ್ಯಾವ ಕೋಟೂ ಕೊಟ್ಟಿಲ್ಲ, ಇದನ್ನ ಎಲ್ಲಿಂದ ಎತ್ಕೊಂಡ್ ಬಂದೆ?" ಎಂದು ಕೇಳಿದಳಂತೆ. ಟೈಲರಕ್ಕ ಕೊಟ್ಟರು ಎನ್ನಬಹುದಿತ್ತು. ಎಂದರೆ ಯಾಕೆ ಕೊಟ್ಟರು ಎಂಬ ಪ್ರಶ್ನೆ ಬರುತ್ತದೆ. ಯಾರೋ ಹೋಗಿ ಎದುರಿನ ಅಂಗಡಿಯಿಂದ ಅವಳ ಅಪ್ಪನನ್ನು ಕರೆತಂದರು. ಅವರು ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದು ನಿಂತಾಗ ಈ ಹುಡುಗಿ, "ನಾನೇ ಕದ್ದಿದ್ದೆ, ವಾಪಸ್ ಕೊಡೋಕೆ ಬಂದೆ" ಎಂದಳಂತೆ. ಆ ಕೋಣೆಯೊಳಗೆ ಹೋಗಲು ಬಂದವಳು ಎನ್ನಿಸಿಕೊಳ್ಳುವುದಕ್ಕಿಂತ ಕಳ್ಳಿ ಎನ್ನಿಸಿಕೊಳ್ಳುವುದೇ ಮೇಲು ಎಂದುಕೊಂಡಳು ಕಣೇ!

ಸುದ್ದಿ ಕೇಳಿ, ಕೈಯಲ್ಲಿದ್ದ ಕತ್ತರಿಯನ್ನೂ ಇಡದೆ ಅವರ ಮನೆಗೆ ಓಡಿದೆ. ಕೋಟು ನನ್ನ ತಂಗಿಯದು, ನಾನೇ ಕೊಟ್ಟು ಕಳಿಸಿದ್ದು, ಮಗು ಕದ್ದಿಲ್ಲ ಎಂದೆ. ಅವಳ ಅಪ್ಪ ತಲೆ ಎತ್ತಿ, "ಹಾಗಾದ್ರೆ ಅವಳ್ಯಾಕಮ್ಮ ಕದ್ದೆ ಅಂದ್ಲು?" ಎಂದರು. ಅವರ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಅವಳು ನನ್ನ ಕಡೆ ಕೈಮುಗಿದು ನಿಂತಿದ್ದಳು. ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಗೊತ್ತಿಲ್ಲ ಎಂದುಬಿಟ್ಟೆ. ನನ್ನ ಮಗಳನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀರಿ, ನಿಮ್ಮದು ದೊಡ್ಡ ಮನಸ್ಸು ಎಂದು ಆ ಮನುಷ್ಯ ಕಣ್ಣೀರು ಹಾಕಿದರು. ಅದಕ್ಕಿಂತ ಎರಡು ಬಾರಿಸಿದ್ದರೆ ಸುಖವಾಗಿರುತ್ತಿತ್ತು.

ಬೇಕರಿಯವರು ನಾಳೆಯಿಂದ ಬರಬೇಡ ಎಂದರು. ಮನೆಯವರು ಹೊಸ್ತಿಲು ದಾಟಲು ಬಿಡುತ್ತಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರು ಯಾರು? ನಾನೇ ಆ ನರ್ಸಿನ ಹತ್ತಿರ ಹೋಗಿ, ನಮ್ಮ ಕಡೆಯ ಒಂದು ಹುಡುಗಿಗೆ ಹೀಗೆ ಎಂದೆ. ಅವಳ ಮೊದಲ ಪ್ರಶ್ನೆ, "ಮದುವೆ ಆಗಿದ್ಯಾ?" ಎರಡನೆಯದು, "ಅವರನ್ನೇ ಕರ್ಕೊಂಡ್ ಬನ್ನಿ." ಎರಡನೆಯದರಲ್ಲಿ ತಪ್ಪಿಲ್ಲ, ನೀನಾದರೂ ಅದನ್ನೇ ಹೇಳುತ್ತಿದ್ದೆ. ಆದರೆ ಮೊದಲನೆಯದನ್ನು ಕೇಳಿದ ಮೇಲೆ ಯಾರು ಬರುತ್ತಾರೆ? ಕೋಟಿನ ಕಥೆ ತಿಳಿದ ಮೇಲೆ ನನ್ನ ಪರದೆಯ ಹಿಂದೆಯೂ ಯಾರೂ ಬಾಯಿಬಿಡುತ್ತಿಲ್ಲ. ಅಳತೆ ಕೊಡುತ್ತಾರೆ, ಹೋಗುತ್ತಾರೆ. ಮೊನ್ನೆ ಅವಳ ಮನೆಗೆ ಹೋಗಿದ್ದೆ. ಅಮ್ಮ ಜ್ವರದ ಮಾತ್ರೆ ಕೊಡುತ್ತಿದ್ದರು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿ, ಈಗ ಪರವಾಗಿಲ್ಲಕ್ಕಾ ಎಂದಳು. ಪರವಾಗಿಲ್ಲದವರು ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಮಲಗುವುದಿಲ್ಲ. ನೀನು ಎರಡು ದಿನ ರಜೆ ಹಾಕಿ ಬರಲಾದೀತೇ ಎಂದು ಕೇಳುತ್ತಿದ್ದೇನೆ. ಬಂದರೂ ಅವಳನ್ನು ನಿನ್ನ ಹತ್ತಿರ ಬಿಡುತ್ತಾರೋ ಇಲ್ಲವೋ. ನನಗಂತೂ ಯಾವ ದಾರಿಯೂ ಕಾಣುತ್ತಿಲ್ಲ.

ಇಷ್ಟು ಬರೆದು ನಿನ್ನ ತಲೆಯನ್ನೂ ಕೆಡಿಸಿದೆ. ಭಾವ ನಿನ್ನನ್ನು ಕೇಳಿದರು ಎಂದು ತಿಳಿ. ನಿನ್ನ ಕೈಗುಣ ಚೆನ್ನಾಗಿರಲಿ, ಮುಟ್ಟಿದವರೆಲ್ಲ ಎದ್ದು ಓಡಾಡಲಿ, ನಿನ್ನ ಮಂಡಿಯೂ ಸೇರಿ.

ನಿನ್ನ ಬಾಯಿಬಡುಕಿ ಅಕ್ಕ

ತಾ.ಕ.: ಕಾಗದ ಮಡಿಸುತ್ತಿದ್ದಾಗ ಸುದ್ದಿ ಬಂತು. ಬೆಳಿಗ್ಗೆ ಅವಳಿಗೆ ಎಚ್ಚರ ತಪ್ಪಿದೆಯಂತೆ. ಆಸ್ಪತ್ರೆಯ ಗಾಡಿಯಲ್ಲಿ ನಿಮ್ಮಲ್ಲಿಗೇ ಕರೆತರುತ್ತಿದ್ದಾರೆ, ಜೊತೆಗೆ ಅವಳ ಅಪ್ಪ ಇದ್ದಾರೆ. ಏನೋ ತಿಂದು ಹೊಟ್ಟೆ ಕೆಟ್ಟಿದೆ ಎಂದೇ ಚೀಟಿಯಲ್ಲಿ ಬರೆಸಿದ್ದಾರೆ. ನಿಮ್ಮ ವಾರ್ಡಿಗೆ ಫೋನು ಮಾಡಿದೆ. ಯಾರೋ ಗಂಡಸು ಎತ್ತಿ ಏನು ವಿಷಯ ಎಂದರು, ಫೋನು ಇಟ್ಟುಬಿಟ್ಟೆ. ಗಾಡಿಯ ಬಾಗಿಲಲ್ಲಿ ಅಪ್ಪನಿಗೆ ಹೇಳಿಯೇಬಿಡೋಣ ಎಂದು ಹತ್ತಿರ ಹೋದೆ. ಅವಳು ಅರೆಗಣ್ಣು ತೆರೆದು ನನ್ನನ್ನೇ ನೋಡಿದಳು. ಹಿಂದೆ ಸರಿದೆ. ಗಾಡಿ ಇನ್ನೂ ಹೊರಟಿಲ್ಲ, ಈ ಕಾಗದವನ್ನು ಡ್ರೈವರ್ ಕೈಯಲ್ಲೇ ಕೊಡುತ್ತಿದ್ದೇನೆ, ಮೊದಲು ಈ ಕೊನೆಯ ಪುಟ ಓದಿ ಎಂದು ನಿನಗೆ ಹೇಳಲು ಹೇಳಿದ್ದೇನೆ. ಓಡು ಪುಟ್ಟಿ, ಡಾಕ್ಟರಿಗೆ ನಿಜ ಹೇಳು, ಅಪ್ಪನನ್ನು ಹೊರಗೆ ಕಳಿಸಿ ಹೇಳು. ಮೈ ಕೆಂಡದ ಹಾಗೆ ಸುಡುತ್ತಿತ್ತು, ತುಟಿ ನೀಲಿಯಾಗಿತ್ತು, ಹೊತ್ತು ಮೀರಿದೆ ಎಂದು ನನಗೆ ಅನ್ನಿಸುತ್ತಿದೆ. ಒಂದು ವೇಳೆ ಅವಳಿಗೆ ಎಚ್ಚರವಾದರೆ, ಹೆದರಬೇಡ, ಟೈಲರಕ್ಕ ನಿಮ್ಮ ಮನೆಯಲ್ಲಿ ಯಾರಿಗೂ ಹೇಳಿಲ್ಲ ಎಂದು ಹೇಳು.