ಅರ್ಧ ಕ್ಷೌರ

ಅಂಗಡಿಗೆ ರಜೆಯ ದಿನ, ಬೆಳಗ್ಗೆ

ಪ್ರೀತಿಯ ಅಕ್ಕನಿಗೆ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ಚೆನ್ನಾಗಿಯೇ ಇದ್ದೇನೆ. ನನ್ನ ಮನೆಯವಳು ತೀರಿಕೊಂಡ ಮೇಲೆ ನಾನು ನಿನ್ನ ಫೋನ್ ಎತ್ತಲಿಲ್ಲ, ನೀನು ಕಾಗದ ಬರೆಯುವುದನ್ನು ಬಿಡಲಿಲ್ಲ. ಪ್ರತಿ ಕಾಗದದ ಕೊನೆಯಲ್ಲೂ ಅದೇ ಪ್ರಶ್ನೆ: ಒಂದೇ ಒಂದು ಸಲ ನಮ್ಮ ಪ್ರಾರ್ಥನೆಗೆ ಬರುತ್ತೀಯಾ? ಉತ್ತರ ಮೊದಲೇ ಹೇಳಿಬಿಡುತ್ತೇನೆ, ಬರುವುದಿಲ್ಲ. ಆದರೆ ನಿಮ್ಮ ಸಭೆಯ ಒಬ್ಬರ ಬಗ್ಗೆ ನಿನಗೆ ಹೇಳದೆ ಇರಲು ಆಗುತ್ತಿಲ್ಲ, ಅದಕ್ಕೇ ಬರೆಯಲು ಕೂತೆ.

ನೀನು ಜೊತೆಗೆ ಕಳಿಸುವ ಕರಪತ್ರಗಳು ವ್ಯರ್ಥವಾಗಿಲ್ಲ. ಕತ್ತಿಯ ನೊರೆ ಒರೆಸಲು ಅಷ್ಟು ಹದವಾದ ಕಾಗದ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಬೈಯಬೇಡ. ನಾನು ಹೇಳಹೊರಟ ಆ ಮನುಷ್ಯ ಅಂಗಡಿಗೆ ಮೊದಲ ಸಲ ಬಂದಾಗ ಕೊರಳಲ್ಲಿ ಸಣ್ಣ ಶಿಲುಬೆ ಕಂಡಿತು. ಸರಿ, ಇನ್ನೊಬ್ಬ ಉಪದೇಶಿ ವಕ್ಕರಿಸಿದ ಅಂದುಕೊಂಡು ಬೇಕೆಂದೇ ಅವರ ಕಣ್ಣೆದುರೇ ಕರಪತ್ರಕ್ಕೆ ನೊರೆ ಒರೆಸಿದೆ. ಅವರು ಅದನ್ನು ನೋಡಿದರು, ಕಣ್ಣು ಮುಚ್ಚಿಕೊಂಡರು, ಗಲ್ಲ ಎತ್ತಿ ಕೊಟ್ಟರು.

ನಿವೃತ್ತ ಬಸ್ ಡ್ರೈವರ್. ವಾರ ವಾರ ಬರತೊಡಗಿದರು. ನಮ್ಮ ಕಸುಬು ನಿನಗೆ ಗೊತ್ತಲ್ಲ, ಮುಖಕ್ಕೆ ನೊರೆ ಹಚ್ಚಿದ ಮೇಲೆ ಗಿರಾಕಿ ಮಾತಾಡುವ ಹಾಗಿಲ್ಲ, ನಾನು ಸುಮ್ಮನಿರುವ ಹಾಗಿಲ್ಲ. ಬೇರೆ ಉಪದೇಶಿಗಳು ಕತ್ತಿ ತೆಗೆದ ತಕ್ಷಣ ಶುರು ಮಾಡುತ್ತಿದ್ದರು, ನಾನು ಬಾಗಿಲು ತೋರಿಸುತ್ತಿದ್ದೆ. ಇವರು ಕತ್ತಿ ತೆಗೆದ ಮೇಲೂ ಮಾತಿಲ್ಲ. ಮನಸ್ಸಿನಲ್ಲೇ ಮೂಕಪ್ಪ ಅಂತ ಹೆಸರಿಟ್ಟೆ. ಹೊರಡುವಾಗ, ನಿಮ್ಮನ್ನ ನೆನೆಸಿಕೊಳ್ತಾ ಇರ್ತೀನಿ ಅನ್ನುತ್ತಿದ್ದರು. ಪ್ರಾರ್ಥನೆಯಲ್ಲೋ ಏನೋ, ನಾನು ಕೇಳಲಿಲ್ಲ.

ಅಕ್ಕ, ಆ ಮನುಷ್ಯ ಕೇಳಿಸಿಕೊಳ್ಳುವ ರೀತಿ! ನಾನು ಬಾಯಿಗೆ ಬಂದದ್ದು ಹರಟಿದ್ದು ಅವರಿಗೆ ಮುಂದಿನ ವಾರಕ್ಕೂ ನೆನಪಿರುತ್ತಿತ್ತು. ಒಳಗೆ ಬರುತ್ತಲೇ, ಮಂಡಿ ನೋವು ಹೇಗಿದೆ ಅನ್ನುವರು. ನಲ್ಲಿ ಸೋರುತ್ತದೆ ಅಂತ ಗೊಣಗಿದ್ದಕ್ಕೆ ಒಂದು ದಿನ ವಾಷರ್ ತಂದು ತಾವೇ ಹಾಕಿಕೊಟ್ಟರು. ಇವಳು ಮಕ್ಕಳಿಗೆ ಕ್ರಾಪು ಮಾಡುತ್ತಿದ್ದ ಎರಡನೇ ಕುರ್ಚಿ ಇದೆಯಲ್ಲ, ಅದರ ಮೇಲೆ ನಾನು ಟವೆಲ್ ಹೊದಿಸಿಟ್ಟಿದ್ದೇನೆ. ಬಂದವರೆಲ್ಲ ಅದರ ಮೇಲೆ ಚೀಲ ಇಟ್ಟು ನನ್ನಿಂದ ಬೈಸಿಕೊಳ್ಳುತ್ತಾರೆ. ಇವರು ಮೊದಲ ದಿನವೇ, ಯಾರೂ ಹೇಳದೆ, ಚೀಲವನ್ನು ನೆಲದ ಮೇಲಿಟ್ಟರು.

ಹೋದ ವಾರ ಏನಾಯಿತೋ, ಅವರ ಒಂದು ಕೆನ್ನೆ ಮುಗಿಸಿ ಗಲ್ಲಕ್ಕೆ ಬಂದಿದ್ದೆ, ಇವಳ ಮಾತು ಬಾಯಿಗೆ ಬಂದುಬಿಟ್ಟಿತು. ನಿನಗೂ ಹೇಳದ ಮಾತು. ಇವಳು ಕಾಯಿಲೆ ಬಿದ್ದು ಮಲಗಿದ್ದಾಗ ನೀನು ನಿಮ್ಮ ಸಭೆಯವರನ್ನು ಕರೆದುಕೊಂಡು ಬಂದಿದ್ದೆಯಲ್ಲ, ನಾನು ಅಂಗಡಿಯಲ್ಲಿದ್ದೆ. ನೀನು ಒಳಗೆ ಹಾಲು ಕಾಯಿಸುತ್ತಿದ್ದಾಗ ಬಂದವರಲ್ಲಿ ಒಬ್ಬರು ಇವಳಿಗೆ, ನಂಬಿಕೆ ಪೂರ್ತಿ ಇದ್ದಿದ್ರೆ ಇಷ್ಟೊತ್ತಿಗೆ ಎದ್ದು ಕೂರ್ತಿದ್ದೆ ಕಣಮ್ಮ ಅಂದರಂತೆ. ಸಂಜೆ ಇವಳು ಗೋಡೆ ಕಡೆ ತಿರುಗಿ ಮಲಗಿ ಕೇಳಿದಳು, ನನ್ನ ನಂಬಿಕೆ ಸಾಲದೇ ಹೋಯ್ತೇನ್ರೀ ಅಂತ. ಆ ಪ್ರಶ್ನೆ ಹೊತ್ತುಕೊಂಡೇ ಹೋದಳು. ನಿನ್ನ ಫೋನ್ ಯಾಕೆ ಎತ್ತಲಿಲ್ಲ ಅಂತ ಈಗ ಗೊತ್ತಾಯಿತಲ್ಲ.

ಇಷ್ಟು ಹೇಳಿ ಮುಗಿಸಿ ಕೆಳಗೆ ನೋಡಿದರೆ ಅವರ ಕೊರಳಿನ ಬಿಳಿ ಬಟ್ಟೆ ಕೆಂಪಾಗಿತ್ತು. ಮಾತಿನ ಭರದಲ್ಲಿ ಕತ್ತಿ ಗಲ್ಲಕ್ಕೆ ಚೆನ್ನಾಗಿಯೇ ಹೊಕ್ಕಿತ್ತು. ಇಷ್ಟು ವರ್ಷದ ಕಸುಬಿನಲ್ಲಿ ಯಾರಿಗೂ ಹಾಗೆ ಗಾಯ ಮಾಡಿದವನಲ್ಲ ನಾನು. ಆ ಪುಣ್ಯಾತ್ಮ ಮಿಸುಕಾಡಿರಲಿಲ್ಲ. ರಕ್ತ ನಿಲ್ಲಲು ಪಟಿಕದ ಕಲ್ಲು ಒತ್ತುತ್ತಾ, ಹೇಳಬಾರದೇನ್ರೀ ಅಂತ ರೇಗಿದೆ. ನೀವು ಮಾತಾಡ್ತಾ ಇದ್ರಲ್ಲ, ನಿಲ್ಲಿಸಿಬಿಡ್ತೀರ ಅಂತ ಸುಮ್ಮನಿದ್ದೆ ಅಂದರು.

ಆಮೇಲೆ ನನ್ನ ಕೈ ಮೆಲ್ಲಗೆ ಸರಿಸಿ, ಆ ಮಾತು ಆಡಿದೋನು ನಾನೇ ಅಂದರು.

ಕತ್ತಿ ಇನ್ನೂ ನನ್ನ ಕೈಯಲ್ಲೇ ಇತ್ತು, ಅಕ್ಕ. ಅದನ್ನು ಕೆಳಗಿಟ್ಟು ಹಿಂದಿನ ಬಾಗಿಲಿಂದ ಹೊರಗೆ ಹೋದೆ. ಅವರು ಎದ್ದು ಹೋಗಲಿ ಅಂತಲೇ ಬಹಳ ಹೊತ್ತು ಅಲ್ಲಿ ನಿಂತೆ. ವಾಪಸ್ ಬಂದರೆ ಹಾಗೇ ಕೂತಿದ್ದರು, ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ನೊರೆ ಒಣಗಿ ಹಕ್ಕಳೆ. ನೋಡಿದರೆ ನಗು ಬರಬೇಕು. ನನಗೆ ಅಳು ಬಂತು. ಅರ್ಧ ಮುಖ ಹೊತ್ತುಕೊಂಡು ಬೀದಿಗೆ ಹೋಗಿ ಅಂತ ಹೇಗೆ ಹೇಳಲಿ? ಮತ್ತೆ ನೊರೆ ಹಚ್ಚಿದೆ. ಅಷ್ಟು ಹಗುರವಾಗಿ ನಾನು ಯಾರ ಗಡ್ಡವನ್ನೂ ತೆಗೆದಿಲ್ಲ.

ಮುಗಿದ ಮೇಲೆ ಅವರು ಹೇಳಿದ್ದು ಇಷ್ಟು. ಇವಳು ಹೋದ ಸುದ್ದಿ ಕೇಳಿದ ದಿನ ಮನೆಗೆ ಹೋಗಿ ಬೈಬಲ್ ತೆರೆದರಂತೆ. ಅದರಲ್ಲಿ ಯೇಸುಸ್ವಾಮಿ ಗೆಳೆಯನ ಗೋರಿ ಮುಂದೆ ಅಳ್ತಾ ನಿಂತಿದ್ರು, ಸತ್ತವನನ್ನ ಎಬ್ಬಿಸೋ ಶಕ್ತಿ ಇದ್ದೋರು ಕೂಡ ಮೊದಲು ಅತ್ತರು, ನಾನು ಅಳಬೇಕಾದ ಕಡೆ ಬುದ್ಧಿ ಹೇಳಿ ಬಂದೆ, ಕಮ್ಮಿ ಇದ್ದದ್ದು ನಿಮ್ಮ ಮನೆಯವರ ನಂಬಿಕೆ ಅಲ್ಲ, ನನ್ನ ಪ್ರೀತಿ ಅಂದರು. ಅದನ್ನು ಹೇಳಲೆಂದೇ ವಾರ ವಾರ ಬಂದು, ಹೇಳಲಾರದೆ ಗಡ್ಡ ತೆಗೆಸಿಕೊಂಡು ಹೋಗುತ್ತಿದ್ದರಂತೆ.

ನನ್ನೊಳಗೆ ಇರೋದೆಲ್ಲ ಸಿಟ್ಟು, ಇಂಥೋನು ಏನಂತ ಪ್ರಾರ್ಥನೆ ಮಾಡ್ತಾನೆ ಅಂತ ಕೇಳಿದೆ. ಸಿಟ್ಟನ್ನೇ ಹೇಳಿ, ದೇವರು ಕೇಳಿಸಿಕೊಳ್ತಾರೆ ಅಂದರು. ಕೇಳಬೇಕೇ? ಅಂಗಡಿ ಬಾಗಿಲು ಎಳೆದು, ನಿನ್ನ ದೇವರನ್ನು ಬಾಯಿತುಂಬ ಬೈದೆ, ಗಂಟಲು ಒಣಗುವ ತನಕ. ಆ ಮನುಷ್ಯ ಗಲ್ಲಕ್ಕೆ ಹತ್ತಿ ಒತ್ತಿಕೊಂಡು ತಲೆತಗ್ಗಿಸಿ ಕೂತು ಎಲ್ಲ ಕೇಳಿ, ಕೊನೆಗೆ ಆಮೆನ್ ಅಂದರು!

ನಿಮ್ಮ ಸಭೆಯಲ್ಲಿ ಕೊನೇ ಬೆಂಚಿನಲ್ಲಿ ಕೂತು, ಯಾರಿಗಾಗಿಯೂ ಬಾಯಿಬಿಟ್ಟು ಪ್ರಾರ್ಥಿಸದ ಮುದುಕರು ಒಬ್ಬರಿದ್ದಾರಲ್ಲ, ಅವರೇ ಇವರು. ನಮ್ಮ ಮನೆಗೆ ಬಂದು ಹೋದ ಮೇಲೆ ಆ ಧೈರ್ಯ ಹೋಯಿತಂತೆ. ಅವರ ಮೇಲೆ ಸಿಟ್ಟಾಗಬೇಡ. ಪಕ್ಕದಲ್ಲಿ ಹೋಗಿ ಕೂತುಕೋ. ತಮ್ಮ ತಪ್ಪನ್ನು ಹೇಳಲು ಕತ್ತಿಯ ಕೆಳಗೆ ಕೊರಳು ಕೊಟ್ಟು ಕೂತ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆದರೂ ಪ್ರಾರ್ಥನೆಗೆ ಬಾ ಅಂತ ನನ್ನನ್ನು ಕರೆಯಬೇಡ. ಫೋನ್ ಮಾಡು, ಎತ್ತುತ್ತೇನೆ. ಭಾವನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ತಮ್ಮ,
ನೀನೇ ಹೆಸರಿಟ್ಟ ಹಾಗೆ, ಬಾಯಿಬಡುಕ

ತಾ.ಕ.: ಒಂದು ಬರೆಯದೆ ಬಿಟ್ಟಿದ್ದೆ. ನನ್ನ ಬೈಗುಳ ಮುಗಿದ ಮೇಲೆ, ಈಗ ನೀವು ಹೇಳಿ ಅಂತ ನಾನೇ ಅವರಿಗೆ ಅಂದೆ. ಗಲ್ಲದ ಹತ್ತಿ ತೆಗೆದು, ನಿಮ್ಮ ಮನೆಯವರ ಹೆಸರೇನು ಅಂತ ಕೇಳಿದರು. ಅವತ್ತು ಅದನ್ನೂ ಕೇಳಿರಲಿಲ್ಲವಂತೆ. ಹೇಳಿದೆ. ಎರಡನೇ ಕುರ್ಚಿಯ ಬೆನ್ನು ಹಿಡಿದು ನಿಂತು ಆ ಹೆಸರು ಹೇಳಿ, ತಡವರಿಸಿ ತಡವರಿಸಿ ಪ್ರಾರ್ಥಿಸಿದರು. ಆಮೆನ್ ಅಂದಿದ್ದು ಈ ಸಲ ನಾನು. ಭಾವನಿಗೆ ಈಗಲೇ ಹೇಳಬೇಡ, ಪ್ರಾರ್ಥನೆಗೆ ಕರೆಯಲು ಬಂದುಬಿಡುತ್ತಾರೆ.